ಶಿರಾ, ಮಧುಗಿರಿ, ಪಾವಗಡ – ಒಂದು ತ್ರಿಭುಜದ ಪಾಠ

ತ್ರಿಭುಜ ಎಂದರೇನು ಎಂದು ಪ್ರೌಢಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ 'ಮೂರು ರೇಖಾಖಂಡಗಳಿಂದ ಆವೃತವಾದ ಸಮತಲಾಕೃತಿ' ಎಂಬ ಉತ್ತರ ತಟ್ಟನೆ ಬರುತ್ತದೆ. ಒಳಕೋನಗಳ ಮೊತ್ತ ಎಷ್ಟು? 180°. ಸರ್ವಸಮತೆಯ ನಿಯಮಗಳು ಯಾವುವು? ಬಾಬಾಬಾ, ಬಾಕೋಬಾ, ಕೋಬಾಕೋ, ಲಂವಿಬಾ. ಇಲ್ಲಿಯವರೆಗೆ ತೊಂದರೆಯಿಲ್ಲ. ಆದರೆ 'ಈ ಪಟ್ಟಿಯಲ್ಲಿ ಬಾಬಾಕೋ ಏಕೆ ಇಲ್ಲ?', 'ಸರ್ವಸಮತೆಯಿಂದ ಆಗುವ ಕೆಲಸವೇನು?' ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಭೌತವಿಜ್ಞಾನ ಓದಲು ಪದವಿ ತರಗತಿಗೆ ಬರುವವರಲ್ಲೂ ಈ ಮೌನವನ್ನು ನಾನು ಹಲವು ವರ್ಷ ಕಂಡಿದ್ದೇನೆ. ಅವರಿಗೆ ಪ್ರಮೇಯದ ಸಾಧನೆ ಗೊತ್ತು. ಅದು ಯಾವ ಪ್ರಶ್ನೆಗೆ ಉತ್ತರ ಎಂಬುದು ಗೊತ್ತಿಲ್ಲ.

ಆ ಪ್ರಶ್ನೆ ಇಷ್ಟೇ: ಒಂದು ತ್ರಿಭುಜವನ್ನು ಖಚಿತವಾಗಿ ಗುರುತಿಸಲು ಎಷ್ಟು ಅಳತೆಗಳು ಸಾಕು, ಮತ್ತು ಯಾವ ಅಳತೆಗಳು? ಇದನ್ನು ಕಪ್ಪುಹಲಗೆಯ ಎಬಿಸಿ ತ್ರಿಭುಜದ ಬದಲು ನಮ್ಮದೇ ಊರುಗಳ ಮೇಲೆ ಪರೀಕ್ಷಿಸಿ ನೋಡೋಣ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಈ ನಾಲ್ಕು ತಾಲ್ಲೂಕು ಕೇಂದ್ರಗಳು ನಮಗೆ ಬೇಕಾದ ಒಳ್ಳೆಯ ತ್ರಿಭುಜವನ್ನೂ ಕೊಡುತ್ತವೆ, ಕೆಟ್ಟ ತ್ರಿಭುಜವನ್ನೂ ಕೊಡುತ್ತವೆ.

ಐದು, ಏಳು, ಎಂಟು

ಜಿಲ್ಲೆಯ ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ನೇರ ದೂರಗಳನ್ನು ಅಳೆಯಿರಿ. ರಸ್ತೆಯ ದೂರ ಬೇಡ. ರಸ್ತೆ ಬಳಸಿಕೊಂಡು ಹೋಗುತ್ತದೆ. ಶಿರಾದಿಂದ ಮಧುಗಿರಿಗೆ ಸುಮಾರು 35 ಕಿ.ಮೀ., ಮಧುಗಿರಿಯಿಂದ ಪಾವಗಡಕ್ಕೆ ಸುಮಾರು 49 ಕಿ.ಮೀ., ಶಿರಾದಿಂದ ಪಾವಗಡಕ್ಕೆ ಸುಮಾರು 56 ಕಿ.ಮೀ. ಬರುತ್ತದೆ. 1 ಸೆಂ.ಮೀ.ಗೆ 7 ಕಿ.ಮೀ. ಎಂಬ ಪ್ರಮಾಣ ಇಟ್ಟುಕೊಂಡರೆ ಬಾಹುಗಳು 5, 7, 8 ಸೆಂ.ಮೀ. ಆಗುತ್ತವೆ. ಕೈವಾರದಿಂದ ಈ ತ್ರಿಭುಜವನ್ನು ರಚಿಸಲು ಎರಡು ನಿಮಿಷ ಸಾಕು.

ಈಗ ಕೋನಮಾಪಕ ಇಡಿ. ಶಿರಾದಲ್ಲಿ 60°, ಮಧುಗಿರಿಯಲ್ಲಿ ಸುಮಾರು 82°, ಪಾವಗಡದಲ್ಲಿ ಸುಮಾರು 38°. ಮೊತ್ತ 180°. ಮೂರು ಬಾಹುಗಳೂ ಬೇರೆ ಬೇರೆ, ಆದ್ದರಿಂದ ಇದು ಅಸಮಬಾಹು ತ್ರಿಭುಜ. ಮೂರು ಕೋನಗಳೂ 90°ಗಿಂತ ಕಡಿಮೆ, ಆದ್ದರಿಂದ ಲಘುಕೋನ ತ್ರಿಭುಜ. ಅತಿ ದೊಡ್ಡ ಬಾಹುವಿಗೆ (ಶಿರಾ–ಪಾವಗಡ) ಎದುರಾಗಿ ಅತಿ ದೊಡ್ಡ ಕೋನ, ಅತಿ ಚಿಕ್ಕ ಬಾಹುವಿಗೆ (ಶಿರಾ–ಮಧುಗಿರಿ) ಎದುರಾಗಿ ಅತಿ ಚಿಕ್ಕ ಕೋನ ಇರುವುದನ್ನೂ ಗಮನಿಸಿ.

ತರಗತಿಯಲ್ಲಿ ನಲವತ್ತು ಮಕ್ಕಳು ಈ ಅಳತೆಗಳಿಂದ ತ್ರಿಭುಜ ರಚಿಸಿದರೆ ನಲವತ್ತೂ ಒಂದರ ಮೇಲೊಂದು ಕೂರುತ್ತವೆ. ಕೆಲವನ್ನು ಮಗುಚಿ ಇಡಬೇಕಾದೀತು, ಅಷ್ಟೆ. ಕೋನಗಳನ್ನು ನಾವು ಯಾರಿಗೂ ಹೇಳಿರಲಿಲ್ಲ; ಬಾಹುಗಳೇ ಅವನ್ನು ನಿರ್ಧರಿಸಿದವು. ಬಾಬಾಬಾ ನಿಯಮದ ಅರ್ಥ ಇದೇ. ನಾಲ್ಕು ಬಿದಿರು ಕಡ್ಡಿಗಳನ್ನು ತುದಿಗಳಲ್ಲಿ ಕಟ್ಟಿ ಚೌಕ ಮಾಡಿದರೆ ಒತ್ತಿದಾಗ ಅದು ವಜ್ರಾಕೃತಿಗೆ ಬಾಗುತ್ತದೆ. ಬಾಹುಗಳ ಉದ್ದ ಬದಲಾಗದಿದ್ದರೂ ಕೋನಗಳು ಬದಲಾಗುತ್ತವೆ. ಮೂರು ಕಡ್ಡಿಗಳ ಚೌಕಟ್ಟು ಜಗ್ಗುವುದಿಲ್ಲ. ಹೆಂಚಿನ ಮನೆಯ ಮಾಡಿನಲ್ಲಿ, ಸೈಕಲ್ಲಿನ ಚೌಕಟ್ಟಿನಲ್ಲಿ, ವಿದ್ಯುತ್ ಗೋಪುರದಲ್ಲಿ ತ್ರಿಭುಜಗಳು ತುಂಬಿರುವುದು ಇದೇ ಕಾರಣಕ್ಕೆ.

180° ಏಕೆ?

ಮಧುಗಿರಿಯ ಮೂಲಕ ಶಿರಾ–ಪಾವಗಡ ರೇಖೆಗೆ ಸಮಾಂತರವಾಗಿ ಒಂದು ರೇಖೆ ಎಳೆಯಿರಿ. ಆ ರೇಖೆ ಶಿರಾ ಕಡೆಯ ಬಾಹುವಿನೊಂದಿಗೆ ಮಾಡುವ ಕೋನ, ಪರ್ಯಾಯ ಕೋನವಾದ್ದರಿಂದ, ಶಿರಾದ 60°ಗೆ ಸಮ. ಪಾವಗಡ ಕಡೆಯ ಬಾಹುವಿನೊಂದಿಗೆ ಮಾಡುವ ಕೋನ ಅದೇ ಕಾರಣಕ್ಕೆ 38°. ಇವೆರಡರ ನಡುವೆ ಮಧುಗಿರಿಯ 82° ಇದೆ. ಮೂರೂ ಸೇರಿ ಒಂದು ಸರಳಕೋನ. ಶಿರಾ–ಮಧುಗಿರಿ ರೇಖೆಯನ್ನು ಮುಂದಕ್ಕೆ ವೃದ್ಧಿಸಿದರೆ ಮಧುಗಿರಿಯಲ್ಲಿ ಉಂಟಾಗುವ ಬಾಹ್ಯಕೋನ 98°. ಅದು ಅಂತರಾಭಿಮುಖ ಕೋನಗಳಾದ 60° ಮತ್ತು 38°ಗಳ ಮೊತ್ತವೇ ಎಂಬುದು ಬೇರೆ ಸಾಧನೆಯಿಲ್ಲದೆ ಕಾಣುತ್ತದೆ.

ಈ ಸಾಧನೆ ನಿಂತಿರುವುದು ಸಮಾಂತರ ರೇಖೆಯ ಗುಣದ ಮೇಲೆ ಎಂಬುದನ್ನು ನೆನಪಿನಲ್ಲಿಡಿ. ಇದಕ್ಕೆ ಮತ್ತೆ ಬರಬೇಕಿದೆ.

ಇಲ್ಲದ ಮಧುಗಿರಿ

ಈಗ ಬಾಬಾಕೋ ಪ್ರಶ್ನೆ. ಒಬ್ಬ ವಿದ್ಯಾರ್ಥಿಗೆ ಹೀಗೆ ಹೇಳಿ: 'ಶಿರಾ–ಪಾವಗಡ 56 ಕಿ.ಮೀ. ಮಧುಗಿರಿ–ಪಾವಗಡ 49 ಕಿ.ಮೀ. ಶಿರಾದಲ್ಲಿರುವ ಕೋನ 60°. ಮಧುಗಿರಿಯನ್ನು ಗುರುತಿಸು.' ಅಳತೆಗಳು ಮೂರಿವೆ. ಸಾಕಲ್ಲವೇ?

ರಚಿಸಿ ನೋಡಿ. 8 ಸೆಂ.ಮೀ. ರೇಖೆ ಎಳೆದು ಅದರ ತುದಿಗಳನ್ನು ಶಿರಾ, ಪಾವಗಡ ಎಂದು ಕರೆಯಿರಿ. ಶಿರಾದಲ್ಲಿ 60° ಕೋನ ಮಾಡುವ ರೇಖೆ ಎಳೆಯಿರಿ. ಪಾವಗಡವನ್ನು ಕೇಂದ್ರವಾಗಿಟ್ಟು 7 ಸೆಂ.ಮೀ. ತ್ರಿಜ್ಯದ ಕಂಸ ಎಳೆಯಿರಿ. ಕಂಸವು ಆ ರೇಖೆಯನ್ನು ಎರಡು ಕಡೆ ಕತ್ತರಿಸುತ್ತದೆ! ಒಂದು ಬಿಂದು ಶಿರಾದಿಂದ 5 ಸೆಂ.ಮೀ. ದೂರದಲ್ಲಿದೆ, ಇನ್ನೊಂದು 3 ಸೆಂ.ಮೀ. ದೂರದಲ್ಲಿ.

ಲೆಕ್ಕದಿಂದಲೂ ಇದನ್ನು ನೋಡಬಹುದು. ಪಾವಗಡದಿಂದ ಎದುರಿನ ರೇಖೆಗೆ ಲಂಬ ಇಳಿಸಿ. ಶಿರಾದಲ್ಲಿ 60° ಇರುವುದರಿಂದ ಲಂಬಪಾದವು ಶಿರಾದಿಂದ ವಿಕರ್ಣದ ಅರ್ಧದಷ್ಟು, ಅಂದರೆ 28 ಕಿ.ಮೀ. ದೂರದಲ್ಲಿದೆ. ಪೈಥಾಗೊರಸ್ ಪ್ರಮೇಯದ ಪ್ರಕಾರ ಲಂಬದ ವರ್ಗ 56² – 28² = 3136 – 784 = 2352. ಲಂಬಪಾದದಿಂದ ಮಧುಗಿರಿಗಿರುವ ದೂರದ ವರ್ಗ 49² – 2352 = 2401 – 2352 = 49. ಆದ್ದರಿಂದ ಆ ದೂರ 7 ಕಿ.ಮೀ. ಆದರೆ ಲಂಬಪಾದದಿಂದ ಯಾವ ಕಡೆಗೆ? 28 + 7 = 35 ಆಗಬಹುದು, 28 – 7 = 21 ಕೂಡ ಆಗಬಹುದು. ಕೊಟ್ಟ ಮೂರು ಅಳತೆಗಳು ಎರಡಕ್ಕೂ ಒಪ್ಪುತ್ತವೆ. 21 ಕಿ.ಮೀ. ಎಂದು ಆಯ್ದವನು ಮಧುಗಿರಿಯನ್ನು ಅದು ಇರುವ ಸ್ಥಳದಿಂದ 14 ಕಿ.ಮೀ. ಆಚೆ ಇಟ್ಟಿರುತ್ತಾನೆ. ಅವನ ಅಳತೆಯಲ್ಲೂ ತಪ್ಪಿಲ್ಲ, ರಚನೆಯಲ್ಲೂ ತಪ್ಪಿಲ್ಲ, ಮಾಹಿತಿಯೇ ಸಾಲದು. ಬಾಬಾಕೋ ನಿಯಮಗಳ ಪಟ್ಟಿಯಲ್ಲಿಲ್ಲದಿರುವುದು ಇದಕ್ಕೇ.

ನಿಜವಾದ ಮಧುಗಿರಿ, ಇಲ್ಲದ ಮಧುಗಿರಿ ಮತ್ತು ಪಾವಗಡ ಸೇರಿ ಒಂದು ಸಮದ್ವಿಬಾಹು ತ್ರಿಭುಜ ಆಗಿರುವುದನ್ನು ಗಮನಿಸಿ: ಬಾಹುಗಳು 49, 49, 14. ಪಾವಗಡದಿಂದ ಇಳಿಸಿದ ಲಂಬ ಅದರ ಪಾದವನ್ನು ಸಮದ್ವಿಭಾಗಿಸಿದೆ. ಇನ್ನು ಕೊಟ್ಟ ಕೋನವೇ 90° ಆಗಿದ್ದರೆ? ಆಗ ಲಂಬಪಾದ ಶಿರಾದಲ್ಲೇ ಬೀಳುತ್ತದೆ. ಎರಡು ಉತ್ತರಗಳು ಶಿರಾದ ಎಡಕ್ಕೂ ಬಲಕ್ಕೂ ಸಮ ದೂರದಲ್ಲಿ, ಕನ್ನಡಿಯ ಪ್ರತಿಬಿಂಬಗಳಂತೆ ಬರುತ್ತವೆ. ಅವು ಸರ್ವಸಮವೇ. ಆದ್ದರಿಂದ ಲಂಬಕೋನಕ್ಕೆ ಬಾಬಾಕೋ ಸಲ್ಲುತ್ತದೆ; ಅದನ್ನೇ ಲಂವಿಬಾ ಎಂದು ಕರೆಯುತ್ತೇವೆ. ಅದು ನೆನಪಿಡಬೇಕಾದ ನಾಲ್ಕನೆಯ ಪ್ರತ್ಯೇಕ ನಿಯಮವಲ್ಲ, ಒಂದು ಸೋತ ನಿಯಮ ಗೆಲ್ಲುವ ಏಕೈಕ ಸಂದರ್ಭವೂ ಅಲ್ಲ. ಕೊಟ್ಟ ಕೋನದ ಎದುರಿನ ಬಾಹು ಇನ್ನೊಂದು ಬಾಹುವಿಗಿಂತ ದೊಡ್ಡದಾಗಿದ್ದಾಗಲೂ ಉತ್ತರ ಒಂದೇ ಬರುತ್ತದೆ. ಏಕೆಂದು ವಿದ್ಯಾರ್ಥಿಗಳು ಕಂಸ ಎಳೆದೇ ಕಂಡುಕೊಳ್ಳಲಿ.

ಬಡಕಲು ತ್ರಿಭುಜ

ಇಲ್ಲಿಯವರೆಗೆ ಕೊರಟಗೆರೆ ಬರಲಿಲ್ಲ. ಕೊರಟಗೆರೆಯಿಂದ ಮಧುಗಿರಿಗೆ ನೇರ ದೂರ ಸುಮಾರು 15.5 ಕಿ.ಮೀ., ಪಾವಗಡಕ್ಕೆ ಸುಮಾರು 64 ಕಿ.ಮೀ. ಕೊರಟಗೆರೆ, ಮಧುಗಿರಿ, ಪಾವಗಡಗಳ ತ್ರಿಭುಜ ರಚಿಸಲು ಹೇಳಿ. 15.5 ಅನ್ನು 15 ಎಂದು ತೆಗೆದುಕೊಂಡವರಿಗೆ ತ್ರಿಭುಜವೇ ಸಿಗುವುದಿಲ್ಲ: 15 + 49 = 64. ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚಿರಬೇಕು ಎಂಬ ನಿಯಮ ಇಲ್ಲಿ ಮುರಿಯುತ್ತದೆ. ಕಂಸಗಳು ರೇಖೆಯ ಮೇಲೆಯೇ ಮುಟ್ಟುತ್ತವೆ. 15.5 ಎಂದೇ ಇಟ್ಟುಕೊಂಡವರಿಗೆ ಮಧುಗಿರಿಯಲ್ಲಿ ಸುಮಾರು 163° ಇರುವ, ಬಹಳ ಚಪ್ಪಟೆಯಾದ ವಿಶಾಲಕೋನ ತ್ರಿಭುಜ ಸಿಗುತ್ತದೆ.

ಮೂರೂ ಊರುಗಳು ಹೆಚ್ಚುಕಡಿಮೆ ಒಂದೇ ನೇರದಲ್ಲಿವೆ ಎಂಬುದು ಇದರ ಅರ್ಥ. ಮುಖ್ಯವಾದ ಸಂಗತಿ ಬೇರೆಯದು. ಈ ತ್ರಿಭುಜದಲ್ಲಿ 64 ಕಿ.ಮೀ.ಯನ್ನು 64.3 ಎಂದು, ಅಂದರೆ ಕೇವಲ 300 ಮೀಟರ್ ತಪ್ಪಾಗಿ ಅಳೆದರೆ ಮಧುಗಿರಿಯ ಕೋನ 163°ಯಿಂದ 169°ಗೆ ಜಿಗಿಯುತ್ತದೆ. ಮೊದಲಿನ ತ್ರಿಭುಜದಲ್ಲಿ 56ರ ಬದಲು 56.3 ಎಂದು ಅದೇ 300 ಮೀಟರ್ ತಪ್ಪು ಮಾಡಿ ನೋಡಿ: ಮಧುಗಿರಿಯ ಕೋನ ಸುಮಾರು ಅರ್ಧ ಡಿಗ್ರಿಯಷ್ಟು ಮಾತ್ರ ಬದಲಾಗುತ್ತದೆ. ಅಳತೆಗಾರ ಅವನೇ, ತಪ್ಪೂ ಅಷ್ಟೇ, ಆದರೆ ಪರಿಣಾಮ ಹತ್ತು ಪಟ್ಟಿಗೂ ಹೆಚ್ಚು.

ಪಠ್ಯಪುಸ್ತಕದ ದೃಷ್ಟಿಯಲ್ಲಿ ಎರಡೂ ತ್ರಿಭುಜಗಳು ಸಮಾನ. ಬಾಬಾಬಾ ಎರಡಕ್ಕೂ ಅನ್ವಯಿಸುತ್ತದೆ. ಆದರೆ ಅಳತೆ ಎಂಬುದು ಎಂದೂ ದೋಷರಹಿತವಲ್ಲ. ಅಳೆಯುವವನಿಗೆ ತ್ರಿಭುಜದ ಆಕಾರವೂ ಮುಖ್ಯ. ಮೋಜಣಿಯವರು ಸಾಧ್ಯವಾದಷ್ಟೂ ಸಮಬಾಹುವಿಗೆ ಹತ್ತಿರವಾದ ತ್ರಿಭುಜಗಳನ್ನು ಆಯ್ದು, ಬಡಕಲು ತ್ರಿಭುಜಗಳನ್ನು ದೂರವಿಡುವುದು ಇದಕ್ಕಾಗಿ.

ಪಾವಗಡದ ಬೆಟ್ಟ ಮತ್ತು ಲ್ಯಾಂಬ್ಟನ್

ಪಾವಗಡ ಬೆಟ್ಟ ನಿಜವಾಗಿಯೂ ಒಮ್ಮೆ ಇಂಥ ತ್ರಿಭುಜಗಳ ಶೃಂಗವಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ವಶವಾದ ಮೇಲೆ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ದಕ್ಷಿಣ ಭಾರತವನ್ನು ಕರಾವಳಿಯಿಂದ ಕರಾವಳಿಗೆ ತ್ರಿಭುಜಗಳ ಬಲೆಯಿಂದ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆಯನ್ನು ಅಳೆದ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಉಕ್ಕಿನ ಸರಪಳಿಯಿಂದ ಸುಮಾರು ಏಳೂವರೆ ಮೈಲು, ಅಂದರೆ 12 ಕಿ.ಮೀ. ಉದ್ದದ ಆಧಾರರೇಖೆಯನ್ನು ಇನ್ನೂ ಎಚ್ಚರದಿಂದ ಅಳೆದ. ಮುಂದೆ 'ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ' ಎಂದು ಹೆಸರಾದ ಕೆಲಸ ಅಲ್ಲಿಂದ ಶುರುವಾಯಿತು.

ಅದರ ತಿರುಳು ಕೋಬಾಕೋ ನಿಯಮ. ಒಂದು ಬಾಹು ಮತ್ತು ಎರಡು ಕೋನಗಳು ಗೊತ್ತಾದರೆ ತ್ರಿಭುಜ ಖಚಿತ. ಉಳಿದೆರಡು ಬಾಹುಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಹಾಗೆ ಪಡೆದ ಬಾಹು ಮುಂದಿನ ತ್ರಿಭುಜಕ್ಕೆ ಆಧಾರವಾಗುತ್ತದೆ. ಸರಪಳಿ ಎಳೆಯುವ ಕಷ್ಟ ಒಮ್ಮೆ ಮಾತ್ರ. ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ದುರ್ಬೀನು ತಿರುಗಿಸಿ ಕೋನ ಓದಿದರಾಯಿತು. ಕಾಡು, ಹಳ್ಳ, ಕೆರೆ ಅಡ್ಡಬಂದರೂ ಚಿಂತೆಯಿಲ್ಲ. ಕೋನ ಓದಲು ಅವನು ಬಳಸಿದ ದೊಡ್ಡ ಥಿಯೊಡೊಲೈಟಿನ ತೂಕ ಸುಮಾರು ಅರ್ಧ ಟನ್. ಅದನ್ನು ಜನರು ಹೊತ್ತು ಬೆಟ್ಟ ಹತ್ತಿಸಬೇಕಾಗಿತ್ತು.

ಇಷ್ಟೆಲ್ಲ ನಂಬಬಹುದೇ? 1804ರಲ್ಲಿ ಪರೀಕ್ಷೆ ನಡೆಯಿತು. ಮದರಾಸಿನ ಆಧಾರರೇಖೆಯಿಂದ ಹೊರಟು, ತ್ರಿಭುಜದಿಂದ ತ್ರಿಭುಜಕ್ಕೆ ಲೆಕ್ಕ ಹಾಕುತ್ತ ಸುಮಾರು 300 ಕಿ.ಮೀ. ದಾಟಿ ಬೆಂಗಳೂರಿಗೆ ಬಂದು, ಅಲ್ಲಿ ಏಳೂವರೆ ಮೈಲಿನ ಇನ್ನೊಂದು ರೇಖೆಯ ಉದ್ದ ಎಷ್ಟಿರಬೇಕು ಎಂದು ಕಂಡುಕೊಂಡರು. ಬಳಿಕ ಅದೇ ರೇಖೆಯನ್ನು ಸರಪಳಿಯಿಂದ ಅಳೆದರು. ಲೆಕ್ಕಕ್ಕೂ ಅಳತೆಗೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಪ್ರೌಢಶಾಲೆಯ ಪ್ರಮೇಯವೊಂದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ಆಮೇಲೆ ತ್ರಿಭುಜಗಳ ಸರಣಿ ಕನ್ಯಾಕುಮಾರಿಯ ಸಮೀಪದಿಂದ ಉತ್ತರಕ್ಕೆ ಬೆಳೆಯಿತು. ನಕ್ಷತ್ರಗಳನ್ನು ನೋಡಿ ಅಕ್ಷಾಂಶ ನಿರ್ಧರಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ದೊಡ್ಡಗುಂಟ ಒಂದು, ಅದರ ಉತ್ತರಕ್ಕೆ ಪಾವಗಡ ಇನ್ನೊಂದು. ಲ್ಯಾಂಬ್ಟನ್ನನ ಬರಹದಲ್ಲಿ ಅದು 'ಪಾಘೂರ್' ಆಗಿದೆ. ಅಕ್ಷಾಂಶ 14 ಡಿಗ್ರಿ 6 ಮಿನಿಟಿನ ಆಸುಪಾಸು. ದೊಡ್ಡಗುಂಟದ್ದು ಹೆಚ್ಚುಕಡಿಮೆ 13 ಡಿಗ್ರಿ. ಇವೆರಡರ ಅಂತರ ಡಿಗ್ರಿಗಳಲ್ಲಿ ಆಕಾಶದಿಂದ ಸಿಕ್ಕಿತು, ಮೈಲುಗಳಲ್ಲಿ ತ್ರಿಭುಜಗಳಿಂದ ಸಿಕ್ಕಿತು. ಭಾಗಿಸಿದರೆ ಒಂದು ಡಿಗ್ರಿಗೆ ಎಷ್ಟು ಮೈಲು ಎಂಬುದು, ಅಂದರೆ ಭೂಮಿಯ ಗಾತ್ರವೇ, ತಿಳಿಯುತ್ತದೆ. ಇಂದಿನ ಲೆಕ್ಕದಲ್ಲಿ ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು 110.6 ಕಿ.ಮೀ.

180° ಮತ್ತು ನಾಲ್ಕು ಸೆಕೆಂಡ್

ಮೋಜಣಿಯವರು ಎರಡು ಕೋನಗಳು ಸಾಕಾಗಿದ್ದರೂ ಮೂರನ್ನೂ ಅಳೆಯುತ್ತಿದ್ದರು. ಮೊತ್ತ 180° ಬಂದರೆ ಅಳತೆ ಸರಿ, ಬರದಿದ್ದರೆ ಎಲ್ಲೋ ದೋಷವಿದೆ. ಹೀಗೆ ಪ್ರಮೇಯವೇ ಅವರಿಗೆ ಲೆಕ್ಕ ತನಿಖೆಯಾಗಿತ್ತು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಭೂಮಿ ಗುಂಡಗಿದೆ. ಗೋಳದ ಮೇಲೆ ನಮ್ಮ ಸಮಾಂತರ ರೇಖೆಯ ವಾದ ನಿಲ್ಲುವುದಿಲ್ಲ. ಉತ್ತರ ಧ್ರುವದಿಂದ 90° ಅಂತರವಿರುವ ಎರಡು ರೇಖಾಂಶಗಳ ಗುಂಟ ಸಮಭಾಜಕಕ್ಕೆ ಇಳಿಯಿರಿ. ಸಮಭಾಜಕದೊಡನೆ ಆಗುವ ತ್ರಿಭುಜದ ಮೂರೂ ಕೋನಗಳು 90°, ಮೊತ್ತ 270°!

ಹೆಚ್ಚುವರಿ ಕೋನ ತ್ರಿಭುಜದ ವಿಸ್ತೀರ್ಣಕ್ಕೆ ಅನುಪಾತದಲ್ಲಿರುತ್ತದೆ. ಭೂಮಿಯ ಮೇಲೆ ಸುಮಾರು 197 ಚದರ ಕಿ.ಮೀ.ಗೆ ಒಂದು ಸೆಕೆಂಡ್. ಒಂದು ಸೆಕೆಂಡ್ ಎಂದರೆ ಡಿಗ್ರಿಯ 3600ನೆಯ ಒಂದು ಭಾಗ. ಶಿರಾ–ಮಧುಗಿರಿ–ಪಾವಗಡ ತ್ರಿಭುಜದ ವಿಸ್ತೀರ್ಣ ಸುಮಾರು 849 ಚದರ ಕಿ.ಮೀ. ಆದ್ದರಿಂದ ಅದರ ಕೋನಗಳ ಮೊತ್ತ 180°ಗಿಂತ ನಾಲ್ಕು ಸೆಕೆಂಡಿಗೆ ಸ್ವಲ್ಪ ಹೆಚ್ಚು. ಶಾಲೆಯ ಕೋನಮಾಪಕಕ್ಕೆ ಇದು ಕಾಣುವುದಿಲ್ಲ. ಲ್ಯಾಂಬ್ಟನ್ ಇದನ್ನು ಲೆಕ್ಕಕ್ಕೆ ಸೇರಿಸಲೇಬೇಕಾಗಿತ್ತು. ಪ್ರಮೇಯ ತಪ್ಪೆಂದಲ್ಲ, 'ಸಮತಲದಲ್ಲಿ' ಎಂಬ ಅದರ ಮೊದಲ ಪದವನ್ನು ನಾವು ಓದದೆ ಬಿಡುತ್ತೇವೆ.

ಮಾಡಿ ನೋಡಿ: ಮಧುಗಿರಿ ಬೆಟ್ಟದ ಎತ್ತರ

ಮಧುಗಿರಿಯ ಏಕಶಿಲಾ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1200 ಮೀಟರ್ ಎತ್ತರದಲ್ಲಿದೆ. ನಾವು ನಿಂತ ನೆಲದಿಂದ ಎಷ್ಟು? ತ್ರಿಭುಜಕ್ಕೆ ಪಾದ ಬದಲಾದರೆ ಎತ್ತರ ಬದಲಾಗುವಂತೆ ಇಲ್ಲಿಯೂ ಯಾವ ಪಾದದಿಂದ ಎಂದು ಹೇಳಲೇಬೇಕು. ಕೋನಮಾಪಕದ ನೇರ ಅಂಚಿಗೆ ಒಂದು ಕೊಳವೆ ಅಂಟಿಸಿ, ಅದರ ಕೇಂದ್ರದಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಉನ್ನತ ಕೋನ ಅಳೆಯುವ ಸಾಧನ ಸಿದ್ಧ. (ಕೊಳವೆಯನ್ನು ಎಂದೂ ಸೂರ್ಯನ ಕಡೆಗೆ ತಿರುಗಿಸಬಾರದು.) ಕೆಳಗಿನ ಸಂಖ್ಯೆಗಳು ಲೆಕ್ಕ ತಿಳಿಯಲು ಇಟ್ಟುಕೊಂಡವು, ನಿಮ್ಮವನ್ನು ನೀವೇ ಅಳೆಯಿರಿ.

ಮೊದಲ ವಿಧಾನ: ಬೆಟ್ಟಕ್ಕೆ ನೇರವಾಗಿರುವ ಹಾದಿಯಲ್ಲಿ 300 ಮೀಟರ್ ಅಂತರದ ಎರಡು ಬಿಂದುಗಳು. ದೂರದ ಬಿಂದುವಿನಲ್ಲಿ ಉನ್ನತ ಕೋನ 26°, ಹತ್ತಿರದ್ದರಲ್ಲಿ 38°. 1 ಸೆಂ.ಮೀ.ಗೆ 50 ಮೀಟರ್ ಪ್ರಮಾಣದಲ್ಲಿ ಚಿತ್ರ ರಚಿಸಿದರೆ ಎತ್ತರ 7.8 ಸೆಂ.ಮೀ., ಅಂದರೆ 390 ಮೀಟರ್. ಆದರೆ 26°ಯನ್ನು 27° ಎಂದು ಓದಿದ್ದರೆ ಉತ್ತರ ಸುಮಾರು 440 ಮೀಟರ್! ಒಂದು ಡಿಗ್ರಿಗೆ 50 ಮೀಟರ್ ವ್ಯತ್ಯಾಸ. ಕಾರಣ, ಬೆಟ್ಟದ ತುದಿಯಲ್ಲಿ ಎರಡು ದೃಷ್ಟಿರೇಖೆಗಳ ನಡುವೆ ಇರುವ ಕೋನ 38° – 26° = 12° ಮಾತ್ರ. ಇದು ಮತ್ತೆ ಕೊರಟಗೆರೆಯ ಬಡಕಲು ತ್ರಿಭುಜ.

ಎರಡನೆಯ ವಿಧಾನ: ಬೆಟ್ಟಕ್ಕೆ ಅಡ್ಡಲಾಗಿ 500 ಮೀಟರ್ ಆಧಾರರೇಖೆ ಎಬಿ. ಕೋನಮಾಪಕವನ್ನು ಮಟ್ಟಸವಾಗಿ ಹಿಡಿದು, ಆಧಾರರೇಖೆಗೂ ಬೆಟ್ಟದ ತುದಿಯ ದಿಕ್ಕಿಗೂ ನಡುವಿನ ಕೋನ ಅಳೆಯಿರಿ: ಎ ಬಳಿ 70°, ಬಿ ಬಳಿ 65°. ಮೂರನೆಯ ಕೋನ 45°, ಪುಷ್ಟವಾದ ತ್ರಿಭುಜ. ಅದೇ ಪ್ರಮಾಣದ ಚಿತ್ರದಲ್ಲಿ ಎಯಿಂದ ಬೆಟ್ಟದ ತುದಿಯ ಕೆಳಗಿನ ಬಿಂದುವಿಗೆ 12.8 ಸೆಂ.ಮೀ., ಅಂದರೆ 640 ಮೀಟರ್. ಎಯಲ್ಲಿ ಉನ್ನತ ಕೋನ 32° ಇದ್ದರೆ ಇನ್ನೊಂದು ಲಂಬಕೋನ ತ್ರಿಭುಜದಿಂದ ಎತ್ತರ 400 ಮೀಟರ್. ಇಲ್ಲಿ ಬಿ ಕೋನವನ್ನು ಒಂದು ಡಿಗ್ರಿ ಹೆಚ್ಚು ಓದಿದರೆ ಉತ್ತರ ಸುಮಾರು 411 ಮೀಟರ್. ಉನ್ನತ ಕೋನವನ್ನು ಒಂದು ಡಿಗ್ರಿ ಹೆಚ್ಚು ಓದಿದರೆ 416 ಮೀಟರ್. ಕಡ್ಡಿ, ದಾರ, ಕೋನಮಾಪಕ ಎಲ್ಲ ಅವೇ. ಉತ್ತಮ ತ್ರಿಭುಜ ಆಯ್ದದ್ದಷ್ಟೇ ವ್ಯತ್ಯಾಸ. ಎರಡೂ ವಿಧಾನಗಳಲ್ಲಿ ಕೊನೆಗೆ ಕಣ್ಣಿನ ಎತ್ತರವನ್ನು ಸೇರಿಸಲು ಮರೆಯಬೇಡಿ.

ಕಾಗದದ ಮೇಲಿನ ಚಿತ್ರ ಬೆಟ್ಟದ ತ್ರಿಭುಜಕ್ಕೆ ಸರ್ವಸಮವಲ್ಲ, ಸಮರೂಪ. ಕೋನಗಳು ಸಮ, ಬಾಹುಗಳು ಅನುಪಾತದಲ್ಲಿ. ಇದೇ ಕೆಲಸವನ್ನು ಚಿತ್ರವಿಲ್ಲದೆ ಕೋಷ್ಟಕದಿಂದ ಮಾಡುವುದೇ ಹತ್ತನೆಯ ತರಗತಿಯ ತ್ರಿಕೋನಮಿತಿ. ಇಂದು ಮೊಬೈಲ್ ಫೋನಿನ ಜಿಪಿಎಸ್ ಉಪಗ್ರಹಗಳಿಂದ ತನಗಿರುವ ದೂರಗಳನ್ನು ಲೆಕ್ಕಹಾಕಿ ಸ್ಥಾನ ಹೇಳುತ್ತದೆ. ಅದು ಕೋನ ಅಳೆಯುವುದಿಲ್ಲ. ಅದರ ಹಿಂದಿರುವುದು ದೂರಗಳಿಂದಲೇ ಸ್ಥಾನ ಖಚಿತವಾಗುವ ಬಾಬಾಬಾ ತತ್ತ್ವ. ಅಲ್ಲಿಯೂ ಉಪಗ್ರಹಗಳು ಆಕಾಶದ ಒಂದೇ ಮೂಲೆಯಲ್ಲಿ ಗುಂಪಾಗಿದ್ದರೆ ಸ್ಥಾನದ ದೋಷ ಹೆಚ್ಚುತ್ತದೆ. ಬಡಕಲು ತ್ರಿಭುಜ ಎಲ್ಲಿದ್ದರೂ ಬಡಕಲೇ.

ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ. ಸರ್ವಸಮತೆಯ ಪಾಠವನ್ನು ನಿಯಮಗಳ ಪಟ್ಟಿಯಿಂದ ಆರಂಭಿಸಬೇಡಿ. 'ಇಷ್ಟು ಅಳತೆ ಕೊಟ್ಟಿದ್ದೇನೆ, ಊರನ್ನು ಗುರುತಿಸು' ಎಂದು ಆರಂಭಿಸಿ. ಇಲ್ಲದ ಮಧುಗಿರಿಯನ್ನು ಒಮ್ಮೆ ತಾನೇ ಗುರುತಿಸಿದ ಹುಡುಗಿ ಬಾಬಾಕೋ ಏಕೆ ಸಲ್ಲದು ಎಂಬುದನ್ನು ಮರೆಯುವುದಿಲ್ಲ.

ಕೊನೆಗೆ ಎರಡು ಪ್ರಶ್ನೆಗಳು. 5, 7, 8ರಂತೆ 3, 7, 8 ಬಾಹುಗಳ ತ್ರಿಭುಜದಲ್ಲೂ 60° ಕೋನವಿದೆ ಎಂದು ಈಗ ಕಂಡೆವು. ಎಲ್ಲ ಬಾಹುಗಳೂ ಪೂರ್ಣಾಂಕಗಳಾಗಿದ್ದು, ಸಮಬಾಹುವಲ್ಲದ, 60° ಕೋನವಿರುವ ಇಂಥ ಇನ್ನೊಂದು ಜೋಡಿ ತ್ರಿಭುಜಗಳನ್ನು ಹುಡುಕಬಲ್ಲಿರಾ? ಮತ್ತು, ನಿಮ್ಮ ಶಾಲೆಯಿಂದ ಕಾಣುವ ಬೆಟ್ಟವನ್ನು ಅಳೆಯಲು ಊರಿನಲ್ಲಿ ಎಲ್ಲಿ ಆಧಾರರೇಖೆ ಹಾಕಿದರೆ ತ್ರಿಭುಜ ಪುಷ್ಟವಾಗಿರುತ್ತದೆ?